ಮಂಗನ ಕಾಯಿಲೆಗೆ ಮೊಂಟಾನಾದ ಲಸಿಕೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸತ್ತು ಬಿದ್ದ ಮಂಗಗಳ ದೇಹದಲ್ಲಿ ಹೊಸ ವೈರಸ್ಸೊಂದು ಪತ್ತೆಯಾಯಿತು. ಉಣುಗು ಕಚ್ಚಿ ಮನುಷ್ಯರಿಗೂ ಬರುವ ಆ ಜ್ವರವನ್ನು ಮಲೆನಾಡಿನವರು ಮಂಗನ ಕಾಯಿಲೆ ಎಂದೇ ಕರೆದರು. ವಿಚಿತ್ರವೆಂದರೆ, ಅದರ ಹೊಸ ಲಸಿಕೆಯೊಂದನ್ನು ಕೋತಿಗಳ ಮೇಲೆ ಒರೆಗೆ ಹಚ್ಚುವಷ್ಟರಲ್ಲಿ ಅರುವತ್ತು ವರ್ಷ ದಾಟಿತ್ತು.

ಒರೆಗೆ ಹಚ್ಚಿದ್ದು ಅಮೆರಿಕದ ಮೊಂಟಾನಾದಲ್ಲಿ. ಹ್ಯಾಮಿಲ್ಟನ್ ಎಂಬ ಸಣ್ಣ ಊರಿನ ರಾಕಿ ಮೌಂಟೇನ್ ಪ್ರಯೋಗಾಲಯ ಹುಟ್ಟಿದ್ದೂ ಉಣುಗು ಹರಡುವ ಜ್ವರವೊಂದರ ಬೆನ್ನುಹತ್ತಿಯೇ. ಅಲ್ಲಿನ ಹೈಂಜ್ ಫೆಲ್ಡ್‌ಮನ್ ಅವರ ತಂಡ ಲಸಿಕೆಯ ಜೀನನ್ನು ಹೊತ್ತೊಯ್ಯುವ ವಾಹಕವಾಗಿ ಆರಿಸಿಕೊಂಡಿದ್ದು, ಎಬೋಲಾ ಲಸಿಕೆಯಲ್ಲಿ ಪಳಗಿದ್ದ ವಿಎಸ್‌ವಿಯನ್ನು. ದನ, ಕುದುರೆಗಳ ಬಾಯಲ್ಲಿ ಗುಳ್ಳೆ ಎಬ್ಬಿಸುವ ವೈರಸ್ ಅದು. ಅದಕ್ಕೆ ಮಂಗನ ಕಾಯಿಲೆ ವೈರಸ್ಸಿನ ಹೊರಕವಚದ ಪ್ರೋಟೀನುಗಳ ಜೀನ್ ಸೇರಿಸಿದರು.

ಮೊದಲ ಸರದಿ ಇಲಿಗಳದು. ಲಸಿಕೆ ಪಡೆದವು ಮಾರಕ ಸೋಂಕನ್ನೂ ಗೆದ್ದವು; 2021ರಲ್ಲಿ ವರದಿ ಬಂತು. ಆದರೆ ಇಲಿಯಲ್ಲಿ ಈ ವೈರಸ್ ಮಿದುಳಿಗೆ ನುಗ್ಗಿ ಕೊಲ್ಲುತ್ತದೆ. ಮನುಷ್ಯರಲ್ಲಿ ಕಾಣುವ ರಕ್ತಸ್ರಾವ ಅಲ್ಲಿ ಕಾಣದು.

ಆದ್ದರಿಂದ ಆಗ್ನೇಯ ಏಷ್ಯಾದ ಪಿಗ್‌ಟೇಲ್ ಕೋತಿ ಬಂತು. ಟ್ರಿಮ್5 ಎಂಬ ಪ್ರೋಟೀನು ಇಂಥ ವೈರಸ್‌ಗಳಿಗೆ ಜೀವಕೋಶದೊಳಗೆ ತಡೆಯೊಡ್ಡುತ್ತದೆ; ಈ ಕೋತಿಯಲ್ಲಿ ಆ ತಡೆ ಇಲ್ಲ. ಹಾಗಾಗಿ ಕಾಯಿಲೆ ಚೆನ್ನಾಗಿಯೇ ಹಿಡಿಯುತ್ತದೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಡೋಸ್ ಕೋತಿಗಳನ್ನು ಕಾಯಿಲೆಯಿಂದ ಕಾಪಾಡಿತು, ಮೈಯಲ್ಲಿನ ವೈರಸ್ ಪ್ರಮಾಣವನ್ನೂ ತಗ್ಗಿಸಿತು. ಸೌದಿ ಅರೇಬಿಯಾದಲ್ಲಿ ಕಾಣುವ ಅದರ ದಾಯಾದಿ ಅಲ್ಖುರ್ಮಾ ವೈರಸ್ಸಿನ ವಿರುದ್ಧವೂ ಪ್ರತಿಕಾಯಗಳು ಹುಟ್ಟಿದವು.

ಹಾಗೆಂದು ಹಿಗ್ಗುವಂತಿಲ್ಲ. ಮನುಷ್ಯನಲ್ಲಿರುವ ತಡೆ ಇಲ್ಲದ ಪ್ರಾಣಿ ಮನುಷ್ಯನ ತದ್ರೂಪವಂತೂ ಅಲ್ಲ. ಮರ್ಕ್ ಕಂಪನಿಯ ಎಚ್‌ಐವಿ ಲಸಿಕೆಯ ಕಥೆಯನ್ನೂ ನೆನೆಯಬೇಕು. ಅಡೆನೊ ವೈರಸ್ ವಾಹಕದ ಆ ಲಸಿಕೆಯ ಬಗೆಗೆ ಕೋತಿಗಳ ಪ್ರಯೋಗ ಭರವಸೆ ಹುಟ್ಟಿಸಿತ್ತು. ಆದರೆ 2007ರಲ್ಲಿ ಮಾನವ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಲಸಿಕೆ ಸೋಂಕು ತಡೆಯಲಿಲ್ಲ. ವಾಹಕ ವೈರಸ್ಸಿಗೆ ಮೊದಲೇ ಪ್ರತಿಕಾಯ ಇದ್ದ ಕೆಲವರಲ್ಲಿ ಅಪಾಯ ಹೆಚ್ಚಿದ್ದೂ ಕಂಡುಬಂತು.

ಮಲೆನಾಡಿನಲ್ಲಿ ವರ್ಷಗಟ್ಟಲೆ ಕೊಟ್ಟ ಹಳೆಯ ಲಸಿಕೆ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನದು. ಎರಡು ಡೋಸ್, ಮೇಲೆ ಬೂಸ್ಟರ್. ಅಷ್ಟಾದರೂ ಅದರ ಪರಿಣಾಮ ಪ್ರಶ್ನೆಗೊಳಗಾಯಿತು. ಒಂದೇ ಡೋಸಿನ ಲಸಿಕೆಯ ಆಸೆ ಹುಟ್ಟುವುದು ಇಲ್ಲಿಯೇ. ಆದರೆ ಹ್ಯಾಮಿಲ್ಟನ್ನಿನ ಕೋತಿಗಳು ಕೊಟ್ಟಿರುವುದು ಮುಂದಿನ ಹೆಜ್ಜೆಗೆ ಅನುಮತಿ ಮಾತ್ರ. ಸದ್ಯಕ್ಕೆ ಕಾಡಿಗೆ ಹೋಗುವವರು ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಂಡೇ ಹೋಗಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.