ಹೊಗೆ ಹಿಡಿದ ಗೃಹವಸ್ತುಗಳ ಶುದ್ಧಿ

2022ರ ಜುಲೈ ತಿಂಗಳಲ್ಲಿ ಹುಬ್ಬಳ್ಳಿ ಸಮೀಪದ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ, ಕಿಡಿ ಸೂಸುವ ಮೇಣದಬತ್ತಿ ತಯಾರಿಸುವ ಘಟಕವೊಂದು ಬೆಂಕಿಗೆ ಆಹುತಿಯಾಗಿ, ಕಾಯಕಕ್ಕೆ ಹೋದ ಜೀವಗಳು ಬಲಿಯಾದವು. ಆ ನೋವಿನ ಮುಂದೆ ಪಾತ್ರೆ-ಪಡಗಗಳ ಮಾತು ಅಲ್ಪವೇ ಸರಿ. ಆದರೂ ಕಾರ್ಖಾನೆಗಳ ಮಗ್ಗುಲಲ್ಲಿ ಸಂಸಾರ ಹೂಡಿದ ಊರುಗಳಲ್ಲಿ, ಬೆಂಕಿ ತಟ್ಟದ ಮನೆಗೂ ಹೊಗೆ ತಟ್ಟಬಹುದು. ಅಂಥ ವೇಳೆ ಗಾಬರಿಯಿಂದ ಒದ್ದೆ ಅರಿವೆ ಹಿಡಿದು ಒರೆಸತೊಡಗುವುದುಂಟು. ಹೆಚ್ಚಿನ ಹಾನಿ ಅಲ್ಲಿಯೇ ಆಗುತ್ತದೆಂದು ಶರಣ ಬಂಧುಗಳಲ್ಲಿ ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇವೆ.

ಮಸಿಯೆಂದರೆ ಬರಿಯ ಧೂಳಲ್ಲ, ಜಿಡ್ಡು ಬೆರೆತ ಇಂಗಾಲದ ಸೂಕ್ಷ್ಮ ಕಣ. ನೀರು ತಾಗಿಸಿ ತಿಕ್ಕಿದರೆ ಅದು ಗೋಡೆಯ ಸುಣ್ಣದೊಳಕ್ಕೂ ನೂಲಿನ ಎಳೆಯೊಳಕ್ಕೂ ಇಳಿದು ನಿಲ್ಲುತ್ತದೆ. ಹೊರಗಿನ ಗಾಳಿ ತಿಳಿಯಾದ ಮೇಲೆ ಕಿಟಕಿಗಳನ್ನು ತೆರೆದು, ಮಾಸ್ಕ್, ಕೈಗವಸು ಧರಿಸಿ, ಒಣಗಿದ ಮೆದು ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಮಸಿಯನ್ನು ಇಳಿಸಬೇಕು. ಸಾಬೂನಿನ ನೀರು ಅನಂತರದ್ದು.

ಹಿತ್ತಾಳೆ ಕೊಡ, ತಾಮ್ರದ ಹಂಡೆಗಳಿಗೆ ಹುಣಸೆಹಣ್ಣು ಹಚ್ಚುವುದು ನಮ್ಮ ವಾಡಿಕೆ. ಆದರೆ ಹುಣಸೆಯ ಹುಳಿ ಕಿಲುಬನ್ನು ತೆಗೆಯುತ್ತದೆಯೇ ಹೊರತು ಜಿಡ್ಡನ್ನಲ್ಲ. ಮೊದಲು ಸಾಬೂನು, ಬಳಿಕ ಹುಣಸೆ. ಪ್ಲಾಸ್ಟಿಕ್ ಉರಿದ ಹೊಗೆಯಲ್ಲಿ ಆಮ್ಲವಿರಬಹುದಾದ್ದರಿಂದ ಲೋಹದ ಸಾಮಾನನ್ನು ಬಹಳ ದಿನ ಹಾಗೆಯೇ ಬಿಡಲಾಗದು. ಇಳಕಲ್ಲ ಸೀರೆಯನ್ನು ಅಂಗಳದಲ್ಲಿ ಮೆಲ್ಲಗೆ ಕೊಡವಿರಿ. ಮಸಿ ಹೋಗುವ ಮುನ್ನ ಇಸ್ತ್ರಿ ಹಾಕಿದರೆ ಕಲೆ ಗಟ್ಟಿಯಾಗಿ ಕೂರುತ್ತದೆ. ತೆರೆದಿಟ್ಟ ಹಿಟ್ಟು, ಬೇಳೆ, ಔಷಧಿಗಳನ್ನು ಚೆಲ್ಲಲು ಕೈ ಬಾರದು, ನಿಜ. ಆದರೆ ರಾಸಾಯನಿಕ ಹೊಗೆ ಕುಡಿದ ಕಾಳು ದನಕರುಗಳಿಗೂ ಸಲ್ಲದು.

ಇನ್ನು ದೇವರ ಜಗಲಿ. ಇಷ್ಟಲಿಂಗದ ಮೇಲಿನ ಕಪ್ಪು ಲೇಪಕ್ಕೆ ಸಾಬೂನು, ಸ್ಪಿರಿಟ್ ತಾಗಿಸಕೂಡದು. ನಿತ್ಯದ ಮಜ್ಜನದ ನೀರು, ಮೆದು ವಸ್ತ್ರ ಸಾಕು. ಲೇಪ ಬಿರಿದಿದ್ದರೆ ಗುರುಗಳ ಬಳಿಗೆ ಒಯ್ಯುವುದು ಲೇಸು. ಬೆಳ್ಳಿಯ ಕರಡಿಗೆ ಕಪ್ಪಾಗಿದ್ದರೆ ಬೂದಿಯಿಂದ ತಿಕ್ಕಬಾರದು, ಗೀರು ಬೀಳುತ್ತದೆ. ಶಿವದಾರವನ್ನೂ ಹೊಗೆಯ ವಾಸನೆ ಹೀರಿದ ವಿಭೂತಿ ಗಟ್ಟಿಯನ್ನೂ ಬದಲಿಸಿಕೊಳ್ಳಬಹುದು.

ವಚನದ ಪುಸ್ತಕಗಳನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಅಂಚಿನ ಮಸಿಯನ್ನು ಒಣ ಬ್ರಷ್‌ನಿಂದ ಹೊರಮುಖವಾಗಿ ತೆಗೆಯಿರಿ. ಕೆಲವು ಮನೆತನಗಳಲ್ಲಿ ಅಜ್ಜ-ಮುತ್ತಜ್ಜರ ಕಾಲದ ತಾಡವೋಲೆಯ ಕಟ್ಟುಗಳು ಅಟ್ಟದ ಮೇಲೆ ಇನ್ನೂ ಇವೆ. ಕಂಟದಿಂದ ಕೊರೆದ ಅಕ್ಷರಗಳು ಎದ್ದು ಕಾಣಲೆಂದು ಹಿರಿಯರು ಅವಕ್ಕೆ ದೀಪದ ಮಸಿಯನ್ನೇ ಸವರುತ್ತಿದ್ದರು. ಹೊಗೆಯ ಮಸಿ ಒರೆಸಲು ಹೋದರೆ ಆ ಮಸಿಯೂ ಹೋಗಿ ಓದಲು ಬಾರದಂತಾಗುತ್ತದೆ. ಅಂಥ ಕಟ್ಟನ್ನು ಬಿಚ್ಚದೆ, ಎಣ್ಣೆ-ನೀರು ಸೋಕಿಸದೆ, ಶುಭ್ರವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಲ್ಲಿ ಹಸ್ತಪ್ರತಿ ಬಲ್ಲವರಿಗೆ ತೋರಿಸಿರಿ.