ಮಲ್ಲೇಶ್ವರದಾಚೆಯ ಶಿಲಾಗೋಪುರ

ಹಿರಣ್ಯಕೇಶಿಯ ದಡದಲ್ಲಿ, ಶಂಕರಲಿಂಗನ ಗುಡಿಯ ಶಿಖರವನ್ನು ನೋಡುತ್ತ ಬೆಳೆದ, ಬೆಳಗಾವಿ ಜಿಲ್ಲೆಯ ಸಂಕೇಶ್ವರದವರಾದ ನಮಗೆ ಗೋಪುರವೆಂದರೆ ಅದರ ಕೆಳಗೊಬ್ಬ ದೇವರಿರಬೇಕು. ಬೆಂಗಳೂರಿನಲ್ಲಿ ಮಲ್ಲೇಶ್ವರವನ್ನು ದಾಟಿ ಹೋದರೆ, ಜನರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯ ಕಟ್ಟಡದ ಮೇಲೆ ಬೇರೊಂದು ಬಗೆಯ ಗೋಪುರವಿದೆ. ಅದರ ಕೆಳಗಿರುವುದು ಆಡಳಿತದ ಕಚೇರಿ.

ಬೂದುಬಣ್ಣದ ಗ್ರಾನೈಟ್ ಶಿಲೆಯ ಈ ಕಟ್ಟಡವು ಗ್ರೀಸ್ ಮತ್ತು ರೋಮುಗಳ ಪ್ರಾಚೀನ ವಾಸ್ತುವಿನ ಸ್ತಂಭ, ಸಮತೆ, ಗಾಂಭೀರ್ಯಗಳನ್ನು ಪುನಃ ಕೈಗೆತ್ತಿಕೊಂಡ ನವಶಾಸ್ತ್ರೀಯ ಶೈಲಿಯದು. ಈ ಕಟ್ಟಡವೆದ್ದ ದಶಕದಲ್ಲೇ, 1914ರ ವೇಳೆಗೆ, ನ್ಯೂಯಾರ್ಕಿನ ನಗರಾಡಳಿತವು ಇದೇ ಶೈಲಿಯ ಉಡುಗೆಯನ್ನು ಉಕ್ಕಿನ ಅಸ್ಥಿಪಂಜರಕ್ಕೆ ತೊಡಿಸಿ ನಲವತ್ತು ಅಂತಸ್ತಿನ ಕಚೇರಿಯನ್ನು ನಿಲ್ಲಿಸಿತು. ಲಿಫ್ಟು ಬಂದಮೇಲೆ ಎತ್ತರವೆಂಬುದು ಗುಮಾಸ್ತರನ್ನು ಕೂರಿಸುವ ಸ್ಥಳವಾಯಿತು. ಬೆಂಗಳೂರಿನ ಗೋಪುರಕ್ಕೆ ಆ ದುಡಿಮೆಯಿಲ್ಲ. ಬಯಲಿನ ನಡುವೆ, ಇಲ್ಲೊಂದು ವಿದ್ಯಾಸ್ಥಾನವಿದೆಯೆಂದು ದೂರದವರಿಗೆ ತಿಳಿಸಲೆಂದೇ ಅದು ತಲೆಯೆತ್ತಿದಂತಿದೆ.

ಕಟ್ಟಡದ ಬೇರು ಹುಡುಕಿದರೆ ಮಾತ್ರ ಮುಂಬಯಿಗೆ ಹೋಗಬೇಕು. ವರ್ಷಕ್ಕೆ ಸುಮಾರು 1.25 ಲಕ್ಷ ರೂಪಾಯಿ ಹುಟ್ಟುವಳಿಯ ತಮ್ಮ ಮುಂಬಯಿಯ ಮನೆ ಮತ್ತು ಭೂಮಿಗಳನ್ನು ಜಮಶೇಟಜಿ ಟಾಟಾ ಅವರು ಸಂಶೋಧನೆಗೆಂದು ಮೀಸಲಿಟ್ಟರು. ನಕ್ಷೆಯೂ ಮುಂಬಯಿಯ ಸಿ. ಎಫ್. ಸ್ಟೀವನ್ಸರದೇ, ವಿಕ್ಟೋರಿಯಾ ಟರ್ಮಿನಸ್ಸನ್ನು ರೂಪಿಸಿದ ಎಫ್. ಡಬ್ಲ್ಯು. ಸ್ಟೀವನ್ಸರ ಮಗನದು. ನೆಲ ಮೈಸೂರು ಸಂಸ್ಥಾನದ್ದು, 371 ಎಕರೆ. ಸರ್ಕಾರದ ಒಪ್ಪಿಗೆಯ ಆಜ್ಞೆ ಹೊರಟುದು 1909ರ ಮೇ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದುದು 1911ರ ಫೆಬ್ರವರಿ 1ರಂದು. ಗೋಡೆಗಳೇಳುವುದನ್ನು ಕಾಯದೆ ಅದೇ ವರ್ಷದ ಜುಲೈಯಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಇಷ್ಟಕ್ಕೆಲ್ಲ ಮೂಲಪುರುಷರಾದ ಜಮಶೇಟಜಿಯವರಾದರೋ 1904ರಲ್ಲೇ ಜರ್ಮನಿಯಲ್ಲಿ ಕಣ್ಮುಚ್ಚಿದ್ದರು. ಒಂದು ಕಲ್ಲನ್ನೂ ಅವರು ಕಾಣಲಿಲ್ಲವೆಂಬುದನ್ನು ನೆನೆದಾಗ, 1922ರಲ್ಲಿ ಗಿಲ್ಬರ್ಟ್ ಬೇಯ್ಸ್ ಎಂಬ ಶಿಲ್ಪಿ ನಿರ್ಮಿಸಿದ, ಕಟ್ಟಡದ ಮುಂದೆ ನಿಂತಿರುವ ಅವರ ಸ್ಮಾರಕದೆದುರು ನನ್ನ ಮನಸ್ಸು ಭಾರವಾಗುತ್ತದೆ.

ಗಡಿಯ ಕನ್ನಡಿಗನಿಗೆ ಇಲ್ಲಿ ಇನ್ನೊಂದು ಮಾತೂ ಹೊಳೆಯದಿರದು. ಶಂಕುಸ್ಥಾಪನೆಯ ದಿನ ಸಂಕೇಶ್ವರವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬೆಂಗಳೂರೆಂಬುದು ಭಾಷೆ ಒಂದೇ ಆದರೂ ಪರರಾಜ್ಯವಾಗಿತ್ತು. ಹೀಗೆ ನಮ್ಮ ಅಂದಿನ ರಾಜಧಾನಿಯ ಮನೆಬಾಡಿಗೆಯೇ ಮೈಸೂರಿನ ನೆಲದಲ್ಲಿ ವಿದ್ಯೆಯಾಗಿ ಫಲಿಸಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯೊಡನೆ ಸಂಕೇಶ್ವರವೂ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿಯ ಹಣ ಅರ್ಧ ಶತಮಾನದ ಹಿಂದೆ ಹಿಡಿದಿದ್ದ ದಾರಿಯನ್ನೇ ಅಂದು ನಮ್ಮೂರೂ ಹಿಡಿಯಿತು.