ಫ್ಲೂ ಮಹಾಮಾರಿ ಮತ್ತು ಹೊರನಾಡಿನ ನಮ್ಮ ಬಿಡಾರ

1918ರ ಜೂನ್ ತಿಂಗಳಿನಲ್ಲಿ ಮುಂಬಯಿಯ ಬಂದರು ಪ್ರದೇಶದಲ್ಲಿ ಕಾಣಿಸಿಕೊಂಡ ಜ್ವರವನ್ನು ಮೊದಮೊದಲು ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ. ನಾಲ್ಕು ದಿನ ಮಲಗಿ ಎದ್ದು ಕೆಲಸಕ್ಕೆ ಹೋದವರೇ ಹೆಚ್ಚು. ಅದೇ ರೋಗವು ಸೆಪ್ಟೆಂಬರಿನಲ್ಲಿ ಮತ್ತೆ ತಲೆಯೆತ್ತಿದಾಗ ಅದರ ಸ್ವರೂಪವೇ ಬೇರೆಯಾಗಿದ್ದಿತು. ರೈಲುದಾರಿಗಳನ್ನು ಹಿಡಿದು ಅದು ದೇಶದ ಮೂಲೆಮೂಲೆಗೂ ಹಬ್ಬಿತು. ಭಾರತವೊಂದರಲ್ಲಿಯೇ ಅಸು ನೀಗಿದವರ ಸಂಖ್ಯೆ 1 ಕೋಟಿ 20 ಲಕ್ಷಕ್ಕೆ ಕಡಿಮೆಯಿಲ್ಲವೆಂದು ಅಂದಾಜು. 1911ರ ಜನಗಣತಿಯಲ್ಲಿ ಕಂಡುಬಂದುದಕ್ಕಿಂತ 1921ರಲ್ಲಿ ದೇಶದ ಜನಸಂಖ್ಯೆ ಕಡಿಮೆಯಾಗಿದ್ದಿತು! ಇನ್ನೂ ವಿಚಿತ್ರವೆಂದರೆ, 20ರಿಂದ 40 ವಯಸ್ಸಿನ ಗಟ್ಟಿಮುಟ್ಟಾದ ಜನರನ್ನೇ ಆ ರೋಗವು ಬಹಳವಾಗಿ ಬಲಿ ತೆಗೆದುಕೊಂಡಿತು. ಅವರಲ್ಲಿಯೂ ಗಂಡಸರಿಗಿಂತ ಹೆಂಗಸರು ಹೆಚ್ಚು. ರೋಗಿಗಳ ಶುಶ್ರೂಷೆಯ ಭಾರವೆಲ್ಲ ಅವರ ಮೇಲೆ ಬಿದ್ದುದೇ ಅದಕ್ಕೊಂದು ಕಾರಣವೆಂದು ಹೇಳುವವರುಂಟು.

ಆ ಬಳಿಕ 1957ರಲ್ಲಿ, 1968ರಲ್ಲಿ, 2009ರಲ್ಲಿ ಫ್ಲೂ ಹೊಸ ಹೊಸ ವೇಷದಲ್ಲಿ ಬಂದು ಲೋಕವನ್ನು ಸುತ್ತಿತು. 2009ರ ಆಗಸ್ಟ್ 3ರಂದು ಪುಣೆಯಲ್ಲಿ ಶಾಲಾಬಾಲಕಿಯೊಬ್ಬಳು ತೀರಿಕೊಂಡದ್ದು ಆ ಸಲ ನಮ್ಮ ದೇಶದ ಮೊದಲ ಸಾವು. ಮುಂದಿನದು ಯಾವಾಗ ಎಂಬುದನ್ನು ಯಾವ ವೈದ್ಯನೂ ಹೇಳಲಾರ. ಬರುವುದಿಲ್ಲವೆಂದು ಹೇಳುವ ಧೈರ್ಯವೂ ಯಾರಿಗೂ ಇಲ್ಲ.

ಹೊರನಾಡಿನಲ್ಲಿ ಸಂಸಾರ ಹೂಡಿದ ನಮಗೆ ಇದರಲ್ಲಿ ಒಂದು ವಿಶೇಷವಾದ ತೊಡಕಿದೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಊರಿಗೆ ಫೋನು ಮಾಡುವುದು ನಮ್ಮ ರೂಢಿ. ಬಾಣಂತನಕ್ಕೆ ತವರಿನಿಂದ ತಾಯಿ ಬರುತ್ತಾರೆ, ಶಸ್ತ್ರಚಿಕಿತ್ಸೆಯಾದರೆ ಅತ್ತಿಗೆಯೋ ನಾದಿನಿಯೋ ಬರುತ್ತಾರೆ. ಆದರೆ ಫ್ಲೂ ಮಹಾಮಾರಿಯ ಕಾಲದಲ್ಲಿ ಅವರು ಬರಕೂಡದು. ಅರವತ್ತೈದು ದಾಟಿದ ತಾಯಿಯನ್ನು ಸೋಂಕಿರುವ ಮನೆಗೆ ಕರೆಸಿಕೊಳ್ಳುವುದೆಂದರೆ ಅವರನ್ನು ಬೆಂಕಿಗೆ ನೂಕಿದಂತೆ. ನಾವು ಊರಿಗೆ ಹೊರಟರೆ ರೋಗವನ್ನೂ ಗಂಟುಕಟ್ಟಿಕೊಂಡು ಹೋದೇವು. ಇಷ್ಟಕ್ಕೂ ಹೊರಡಲು ರೈಲು ಇರಬೇಕಲ್ಲ? 2020ರ ಮಾರ್ಚ್ ತಿಂಗಳನ್ನು ನಾವು ಯಾರೂ ಮರೆತಿಲ್ಲ. ಆದುದರಿಂದ ಇದ್ದಲ್ಲಿಯೇ, ಇರುವವರಿಂದಲೇ, ಎರಡು ವಾರ ಹೇಗೆ ಸಾಗಿಸುವುದೆಂಬುದೇ ನಾವು ಮುಂಚಿತವಾಗಿ ಯೋಚಿಸಿಡಬೇಕಾದ ವಿಷಯ.

ಮೊದಲ ಪ್ರಶ್ನೆ: ಯಾರು ನೋಡಿಕೊಳ್ಳುವವರು? ರೋಗಿಯ ಬಳಿಗೆ ಹೋಗುವವರು ಒಬ್ಬರೇ ಆಗಿರಲಿ. ಅವರು ಗರ್ಭಿಣಿಯಾಗಿರಬಾರದು, ವಯಸ್ಸಾದವರಾಗಲಿ, ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸವುಳ್ಳವರಾಗಲಿ ಆಗಿರಬಾರದು. ಅವರೂ ಮಲಗಿದರೆ ಮುಂದಿನವರು ಯಾರೆಂಬುದೂ ಗೊತ್ತಾಗಿರಬೇಕು. ನಮ್ಮ ಮನೆಗಳಲ್ಲಿ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ, ಏಕೆಂದರೆ ಉತ್ತರ ಗೃಹಿಣಿಯೆಂದು ಎಲ್ಲರೂ ತಿಳಿದುಬಿಟ್ಟಿರುತ್ತಾರೆ. ಆ ಗೃಹಿಣಿಯೇ 103 ಡಿಗ್ರಿ ಜ್ವರದಲ್ಲಿ ಮಲಗಿದ ದಿನ, ಬ್ಯಾಂಕಿನಲ್ಲಿ ಕೋಟಿಗಳ ಲೆಕ್ಕ ಬರೆಯುವ ಯಜಮಾನರು ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಅವಳನ್ನೇ ಎಬ್ಬಿಸಿ ಕೇಳುವುದುಂಟು. ಗಂಜಿ, ಹೆಸರುಬೇಳೆಯ ತಿಳಿಸಾರು, ಮೆತ್ತನೆಯ ಅನ್ನ, ಇಷ್ಟನ್ನು ಮನೆಯ ಗಂಡಸರೂ ದೊಡ್ಡ ಮಕ್ಕಳೂ ಈಗಲೇ ಕಲಿತಿರಲಿ. ನಲ್ಲಿಯಲ್ಲಿ ನೀರು ಬರುವ ಹೊತ್ತು, ಗ್ಯಾಸ್ ಬದಲಿಸುವ ರೀತಿ ಎಲ್ಲರಿಗೂ ತಿಳಿದಿರಲಿ.

ಒಂದೇ ಕೋಣೆಯ ಮನೆಯಲ್ಲಿ ರೋಗಿಯನ್ನು ಬೇರೆ ಇರಿಸುವುದು ಹೇಗೆ ಎಂದು ಕೇಳಬಹುದು. ಪೂರ್ತಿಯಾಗಿ ಆಗದು, ನಿಜ. ಆದರೂ ಕಿಟಕಿಯ ಬಳಿ ಹಾಸಿಗೆ ಹಾಕಿ, ಕಿಟಕಿಯನ್ನು ತೆರೆದಿಟ್ಟು, ಉಳಿದವರು ಸಾಧ್ಯವಾದಷ್ಟು ದೂರದಲ್ಲಿ, ರೋಗಿಯ ಕಾಲಿನ ಕಡೆಗೆ ತಲೆಯಿಟ್ಟು ಮಲಗಬಹುದು. ರೋಗಿಯೂ ನೋಡಿಕೊಳ್ಳುವವರೂ ಮಾಸ್ಕ್ ಧರಿಸಬೇಕು. ಸೋಂಕು ತಗಲಿದವನು ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನದಿಂದ ಮೊದಲ್ಗೊಂಡು ಸುಮಾರು ಐದರಿಂದ ಏಳು ದಿನ ಅದನ್ನು ಇತರರಿಗೆ ಹಂಚಬಲ್ಲ. ಆದ್ದರಿಂದ ಮನೆಯವರೆಲ್ಲರೂ ಸೋಪು ಹಚ್ಚಿ ಕೈ ತೊಳೆಯುವ ಅಭ್ಯಾಸವನ್ನು ರೋಗ ಬರುವ ಮೊದಲೇ ಮಾಡಿಕೊಂಡಿರಬೇಕು.

ದಿನಸಿಯ ವಿಷಯ ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಎರಡು ವಾರಕ್ಕೆ ಸಾಲುವಷ್ಟು ಅಕ್ಕಿ, ಬೇಳೆ, ರವೆ, ಅವಲಕ್ಕಿ, ಹಾಲಿನ ಪುಡಿ ಇದ್ದರೆ ಸಾಕು. ಅಂಗಡಿಯನ್ನೇ ಮನೆಗೆ ತಂದರೆ ನೆರೆಯವರಿಗೆ ಇಲ್ಲವಾಗುತ್ತದೆ. ಅದಕ್ಕಿಂತ ಮುಖ್ಯವಾದುದು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ದಿನವೂ ನುಂಗುವ ಮಾತ್ರೆಗಳು. ಅವು ಒಂದು ತಿಂಗಳಿಗಾಗುವಷ್ಟು ಇರಲಿ. ಜೊತೆಗೆ ಒಂದು ಥರ್ಮಾಮೀಟರು, ಪ್ಯಾರಸಿಟಮಾಲ್, ಓಆರ್‌ಎಸ್ ಪೊಟ್ಟಣಗಳು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಜ್ವರವೆಂದು ಮಕ್ಕಳಿಗೆ ಆಸ್ಪಿರಿನ್ ಕೊಡಲೇಕೂಡದು. ಫ್ಲೂ ಇರುವಾಗ ಅದು ಯಕೃತ್ತಿಗೂ ಮೆದುಳಿಗೂ ಅಪಾಯ ತರಬಹುದು. ಅಂಗಡಿಯಿಂದ ತಾವಾಗಿಯೇ ಆಂಟಿಬಯಾಟಿಕ್ ತಂದು ನುಂಗುವವರು ಬಹಳ. ವೈರಸ್ಸಿನ ಮೇಲೆ ಅದು ಏನನ್ನೂ ಮಾಡದು. ಒಸೆಲ್ಟಾಮಿವಿರ್ ಎಂಬ ಔಷಧಿಯುಂಟು, ಆದರೆ ಅದನ್ನು ವೈದ್ಯರು ಬರೆದುಕೊಡಬೇಕು. ಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಪ್ರಯೋಜನ ಹೆಚ್ಚು. ಮೆಣಸು-ಶುಂಠಿಯ ಕಷಾಯ ಗಂಟಲಿಗೆ ಹಿತ. ಕುಡಿಯಲಿ, ಆದರೆ ಅದನ್ನೇ ನಂಬಿ ಕೂಡುವುದು ಬೇಡ.

ಪ್ರತಿವರ್ಷದ ಫ್ಲೂ ಲಸಿಕೆಯನ್ನು ವೃದ್ಧರೂ ಗರ್ಭಿಣಿಯರೂ ದೀರ್ಘರೋಗಿಗಳೂ ಹಾಕಿಸಿಕೊಳ್ಳುವುದು ಲೇಸು. ಮುಂಬಯಿ, ಪುಣೆಗಳಲ್ಲಿ ಮಳೆಗಾಲದಲ್ಲಿ ಫ್ಲೂ ಏರುವುದರಿಂದ ಅದಕ್ಕೆ ಮೊದಲೇ ಹಾಕಿಸಿಕೊಳ್ಳಬೇಕು. ಹೊಸ ಮಹಾಮಾರಿಯ ವೈರಸ್ಸನ್ನು ಈ ಲಸಿಕೆ ತಡೆದೀತೆಂದು ಭರವಸೆ ಕೊಡಲಾಗದು. ಹೊಸದಕ್ಕೆ ಹೊಸ ಲಸಿಕೆ ಸಿದ್ಧವಾಗಲು ತಿಂಗಳುಗಳೇ ಬೇಕು.

ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಬಂದರೆ, ತುಟಿ ನೀಲಿಗಟ್ಟಿದರೆ, ರೋಗಿ ಗೊಂದಲದಿಂದ ಮಾತನಾಡಿದರೆ, ಮಗು ಏನನ್ನೂ ಕುಡಿಯದಿದ್ದರೆ, ಅಥವಾ ಇಳಿದ ಜ್ವರ ಮತ್ತೆ ಏರಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಆಸ್ಪತ್ರೆಯಲ್ಲಿ ಇನ್ನೊಂದು ಸಂಕಟ ಕಾದಿರುತ್ತದೆ. ಸಾಂಕ್ರಾಮಿಕದ ಕಾಲದಲ್ಲಿ ವಾರ್ಡಿನೊಳಕ್ಕೆ ಮನೆಯವರನ್ನು ಬಿಡುವುದಿಲ್ಲ. ಕನ್ನಡವಲ್ಲದೆ ಬೇರೆ ಭಾಷೆ ಬಾರದ ಅಜ್ಜಿ ದಾದಿಗೆ ತನ್ನ ನೋವನ್ನು ಏನೆಂದು ಹೇಳಿಯಾಳು? ಅದಕ್ಕಾಗಿ ಅವರ ಹೆಸರು, ವಯಸ್ಸು, ಇರುವ ಕಾಯಿಲೆಗಳು, ನುಂಗುವ ಮಾತ್ರೆಗಳು, ಒಗ್ಗದ ಔಷಧಿ, ಮಗನ ಫೋನ್ ನಂಬರು ಇವನ್ನು ಆಯಾ ಊರಿನ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದು ಹಾಳೆಯಲ್ಲಿ ಬರೆದು ಅವರ ಕೈಚೀಲದಲ್ಲಿ ಇರಿಸಿರಿ. ಹಾಳೆಯ ಕೆಳಗೆ ನೀರು ಬೇಕು, ನೋಯುತ್ತಿದೆ, ಉಸಿರು ಕಟ್ಟುತ್ತಿದೆ, ಬಚ್ಚಲಿಗೆ ಹೋಗಬೇಕು ಎಂಬ ನಾಲ್ಕು ಮಾತುಗಳನ್ನು ಎಡಗಡೆ ಕನ್ನಡದಲ್ಲಿ, ಬಲಗಡೆ ದಾದಿಯ ಭಾಷೆಯಲ್ಲಿ ಬರೆದಿದ್ದರೆ, ಅಜ್ಜಿ ಬೆರಳಿಟ್ಟು ತೋರಿಸಬಲ್ಲಳು. ಓದು ಬಾರದವರಿಗೆ ಚಿತ್ರ ಬರೆದುಕೊಡಬಹುದು. ಮೊಮ್ಮಕ್ಕಳಿಗೆ ಅದು ಒಂದು ರಜೆಯ ಮಧ್ಯಾಹ್ನದ ಕೆಲಸ.